ಕೆಂಪು ದಾರದ ಕೊಳಲು

ಹೋದ ತಿಂಗಳು ಅಕ್ಕ ವಿಶಾಖಪಟ್ಟಣದಿಂದ ಬರುವಾಗ ಅನಕಾಪಲ್ಲಿಯ ಬೆಲ್ಲ ತಂದಿದ್ದಳು. ಸುತ್ತಿದ್ದ ತೆಲುಗು ಪತ್ರಿಕೆಯನ್ನು ನಾನು ಬಿಚ್ಚುವ ಹೊತ್ತಿಗೆ ಸರಿಯಾಗಿ ಒಳಗೆ ನನ್ನ ಹೆಂಡತಿ ಕಷಾಯಕ್ಕೆಂದು ಕಾಳುಮೆಣಸು ಕುಟ್ಟುತ್ತಿದ್ದಳು. ಬೆಲ್ಲದ ವಾಸನೆ, ಮೆಣಸಿನ ವಾಸನೆ ಎರಡೂ ಕೂಡಿ ಮೂಗಿಗೆ ಬಂದದ್ದೇ ತಡ, “ಸತ್ಯವತಿಗಾರು” ಎಂದುಬಿಟ್ಟೆ. ಯಾರದು ಎಂದಳು ಹೆಂಡತಿ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಹೆಸರನ್ನು ಅವಳ ಮುಂದೆ ಎತ್ತಿರಲಿಲ್ಲ. ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ. ಹೇಳಹೊರಟರೆ ನನ್ನ ದಡ್ಡತನವನ್ನೂ ಹೇಳಬೇಕಾಗುತ್ತಿತ್ತು, ಅಷ್ಟೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಿ.ಕಾಂ. ಮುಗಿಸಿ ಮುಳಬಾಗಿಲಿನ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಎರಡೇ. ಒಂದು ಕೊಳಲು ನುಡಿಸುವುದು, ಇನ್ನೊಂದು ಕಂಡದ್ದನ್ನೆಲ್ಲ ಯಾಕೆ ಹೀಗೆ ಎಂದು ಕೇಳುವುದು. ಕೊಳಲನ್ನು ಗುರುಗಳು ಕಲಿಸಿದರು, ಕೇಳುವುದು ಹುಟ್ಟುಗುಣ. ಭಾವನಿಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿದ್ದರು. ಮಾತಿಗೆ ಜನ ಇಲ್ಲವೆಂದು ಅಕ್ಕ ಕಾಗದದ ಮೇಲೆ ಕಾಗದ ಬರೆದಳು. ಒಂದು ತಿಂಗಳು ಇದ್ದು ಬರೋಣವೆಂದು ಶ್ರಾವಣದಲ್ಲಿ ಕೊಳಲಿನ ಚೀಲ ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದೆ.

ಸಮುದ್ರವಿರುವ ಊರನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೊದಲ ವಾರವಿಡೀ ತಿರುಗಿದ್ದೇ ತಿರುಗಿದ್ದು. ಹೆಸರುಕಾಳಿನ ಪೆಸರಟ್ಟು ದೋಸೆಯ ಒಳಗೆ ಉಪ್ಪಿಟ್ಟು ಯಾಕೆ ಇಡುತ್ತೀರಿ ಎಂದು ಹೋಟೆಲಿನವನನ್ನು ಕೇಳಿದೆ. ಹೊರಗೆ ಇಟ್ಟರೆ ಅದಕ್ಕೆ ಬೇರೆ ತಟ್ಟೆ ಬೇಕಲ್ಲ ಎಂದ. ಪಕ್ಕದ ಬೀದಿಯ ನೌಕಾಪಡೆಯವರೊಬ್ಬರನ್ನು ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಮೊಸರು ಹೇಗೆ ಎಂದು ಕೇಳಿದೆ. ಅವರು ಹುಬ್ಬಳ್ಳಿ ಕಡೆಯವರು. ನಕ್ಕು, ಒಳಗೆ ಕರೆದು ಚಹಾ ಕೊಟ್ಟರೇ ಹೊರತು ಮೊಸರಿನ ವಿಷಯ ಬಾಯಿಬಿಡಲಿಲ್ಲ. ಅಕ್ಕನಿಗೆ ಇದೆಲ್ಲ ಮುಜುಗರ.

“ಲೇ, ನಿನ್ ಮೂಗು ಒಂದಿನ ಯಾರ್ದಾದ್ರೂ ಮನೆ ಬಾಗಿಲಲ್ಲಿ ಸಿಕ್ಕಾಕ್ಕೊಳ್ಳುತ್ತೆ ನೋಡು” ಎಂದಳು.

ಆ ವರ್ಷ ಅಲ್ಲಿನ ಕನ್ನಡದ ಮನೆಗಳವರೆಲ್ಲ ಸೇರಿ ಗಣೇಶನನ್ನು ಕೂರಿಸಿದರು. ನಾನು ಅರ್ಧ ಗಂಟೆ ಕೊಳಲು ನುಡಿಸಿದೆ. ಮೈಕು ಬಾಡಿಗೆಗೆ ತಂದಿದ್ದವರು ಅಪ್ಪಾರಾವು ಎಂಬ ದಪ್ಪ ಕನ್ನಡಕದ ಮನುಷ್ಯ. ಎಲ್ಲರೂ ಅವರನ್ನು ಮಾಸ್ಟರು ಎನ್ನುತ್ತಿದ್ದರು. ಮೈಕು ಬಿಡುವಿನ ಕೆಲಸ, ನಿಜವಾದ ಕೆಲಸ ಆರ್ಕೆಸ್ಟ್ರಾ. ತಮ್ಮ ಕೊಳಲಿನವನು ಹೈದರಾಬಾದಿಗೆ ಹೋಗಿಬಿಟ್ಟಿದ್ದಾನೆ, ದಸರಾ ಮುಗಿಯುವವರೆಗೆ ಬರುತ್ತೀಯಾ ಎಂದು ವಯರು ಸುತ್ತುತ್ತಲೇ ಕೇಳಿದರು. ಭಾವ ಬೇಡವೆನ್ನುವ ಮೊದಲೇ ನಾನು ಹೂಂ ಎಂದಿದ್ದೆ.

ಹೀಗೆ ಶುರುವಾಯಿತು ನನ್ನ ಮೆಟಡಾರ್ ವ್ಯಾನಿನ ಬದುಕು. ಎರಡು ತಿಂಗಳೂ ತುಂಬಲಿಲ್ಲ. ಆದರೂ ಈಗ ಎಣಿಸಿದರೆ ಒಂದು ವರ್ಷದಷ್ಟು ಉದ್ದ ಅನ್ನಿಸುತ್ತದೆ. ಇವತ್ತು ಭೀಮಿಲಿ, ನಾಳೆ ವಿಜಯನಗರಂ, ನಾಡಿದ್ದು ತುನಿ. ಮೇಲೆ ಟಾರ್ಪಾಲಿನ ಅಡಿಯಲ್ಲಿ ಡ್ರಮ್ಮು, ಸ್ಪೀಕರು, ಒಳಗೆ ನಾವು. ಕೀಬೋರ್ಡಿಗೆ ಮಾತ್ರ ಒಂದು ಪೂರಾ ಸೀಟು. ಅದನ್ನು ಹಳೆಯ ರಜಾಯಿಯಲ್ಲಿ ಸುತ್ತಿ, ಬಾಣಂತಿಯನ್ನು ಕೂರಿಸಿದ ಹಾಗೆ ಕಿಟಕಿಯಿಂದ ದೂರ ಕೂರಿಸುತ್ತಿದ್ದರು. ಭಾದ್ರಪದದ ಮಳೆ ಹಠ ಹಿಡಿದು ಬರುತ್ತಿತ್ತು. ನಿಂತರೆ ಸೆಖೆ. ಒಣಹಾಕಿದ ಅಂಗಿ ಒಣಗುವ ಮುಂಚೆಯೇ ಊರು ಬಿಡಬೇಕಾಗುತ್ತಿತ್ತು. ಎಲ್ಲರ ಬಟ್ಟೆಯಲ್ಲೂ ಒಂದೇ ಮುಗ್ಗಲು ವಾಸನೆ.

ಮುಂದಿನ ಸೀಟು ಸತ್ಯವತಿಗಾರದು. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡಿದ್ದರು, ವಿಜಯವಾಡದ ಕಾಲುವೆ ಪಕ್ಕದಲ್ಲಿ ಸ್ವಂತ ಮನೆ. ಹೆಣ್ಣುದನಿಯ ಹಾಡುಗಳೆಲ್ಲ ಅವರವೇ. ಉತ್ಸವದ ಕಮಿಟಿಯವರು ನಮ್ಮನ್ನು ಕರೆಸುತ್ತಿದ್ದದ್ದೇ ಅವರಿಗಾಗಿ. ಕಾರ್ಯಕ್ರಮವಿದ್ದ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಮೌನ. ಮಡಿಲಲ್ಲೊಂದು ಸಣ್ಣ ಹಿತ್ತಾಳೆ ಡಬ್ಬಿ, ಅದರಲ್ಲಿ ಕುಟ್ಟಿದ ಮೆಣಸು ಬೆರೆಸಿದ ಅನಕಾಪಲ್ಲಿ ಬೆಲ್ಲ. ಸ್ಟೇಜು ಹತ್ತುವ ಮುಂಚೆ ಅದರಿಂದ ಒಂದು ಚೂರು ಬಾಯಿಗೆ ಹಾಕಿಕೊಳ್ಳುವರು. ಅದು ಗಂಟಲಿಗೆ ನಿಜವಾಗಿ ಒಳ್ಳೆಯದೋ ಬರೀ ನಂಬಿಕೆಯೋ ಎಂದು ಕೇಳಿದೆ. ನನಗೂ ಒಂದು ಚೂರು ಕೊಟ್ಟು, ತಿಂದು ನೋಡಿ ನೀನೇ ಹೇಳು ಎಂದು ಕೈಸನ್ನೆ ಮಾಡಿದರು. ಕಣ್ಣಲ್ಲಿ ನೀರು ಬಂತು, ಉತ್ತರ ಬರಲಿಲ್ಲ.

ನನ್ನ ತೆಲುಗು ಕೋಲಾರದ ಕಡೆಯದು. ವ್ಯಾನಿನವರಿಗೆಲ್ಲ ಅದು ದಿನದ ತಮಾಷೆ. ಸತ್ಯವತಿಗಾರು ಒಬ್ಬರೇ ನಗುತ್ತಿರಲಿಲ್ಲ. ನೌಕಾಪಡೆಯ ಕ್ವಾರ್ಟರ್ಸಿನ ಒಂದು ಸಂಜೆಯ ಕಾರ್ಯಕ್ರಮಕ್ಕೆ ಕನ್ನಡದ ಹಾಡು ಬೇಕೆಂದು ಬೇಡಿಕೆ ಬಂದಿತ್ತು. ಹಿಂದಿನ ದಿನವೇ ನನ್ನನ್ನು ಕೂರಿಸಿಕೊಂಡು ತೆಲುಗು ಅಕ್ಷರದಲ್ಲಿ ಅದನ್ನು ಬರೆಸಿಕೊಂಡರು. ಒಂದೊಂದು ಪದಕ್ಕೂ ಅರ್ಥ ಕೇಳಿದರು. ಅರ್ಥ ಗೊತ್ತಿಲ್ಲದ ಪದದ ಮೇಲೆ ದನಿ ನಿಲ್ಲುವುದಿಲ್ಲವಂತೆ. ನನ್ನಂಥದೇ ಇನ್ನೊಂದು ಜೀವ ಈ ವ್ಯಾನಿನಲ್ಲಿದೆ ಎಂದು ಅವತ್ತು ತುಂಬ ಖುಷಿಯಾಯಿತು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಹಾಡು ನಿಲ್ಲುವ ಶ್ರುತಿಯನ್ನು ನಾವು ಹಾರ್ಮೋನಿಯಂ ಲೆಕ್ಕದಲ್ಲಿ ಮನೆ ಎನ್ನುತ್ತೇವೆ: ಐದು ಮನೆ, ಐದೂವರೆ ಮನೆ. ಅರ್ಧ ಮನೆ ಏರಿದರೂ ಹಾಡುವವರ ಗಂಟಲಿಗೆ ಅಷ್ಟು ಎತ್ತರ ಹೆಚ್ಚು. ಕೀಬೋರ್ಡಿನವನು ಒಂದು ಗುಂಡಿ ಒತ್ತಿದರೆ ವಾದ್ಯವೇ ಅರ್ಧ ಮನೆ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಬಿದಿರಿಗೆ ಎಲ್ಲಿಯ ಗುಂಡಿ? ಒಂದೊಂದು ಶ್ರುತಿಗೂ ಒಂದೊಂದು ಕೊಳಲು ಬೇಕು. ನನ್ನ ಚೀಲದಲ್ಲಿ ಹನ್ನೊಂದಿದ್ದವು. ಗಡಿಬಿಡಿಯಲ್ಲಿ ತಪ್ಪು ಕೊಳಲು ಎತ್ತಬಾರದೆಂದು ತುದಿಗೆ ಬಣ್ಣದ ದಾರ ಸುತ್ತಿದ್ದೆ. ಐದಕ್ಕೆ ಹಸಿರು, ಐದೂವರೆಗೆ ಕೆಂಪು.

ಸ್ಟೇಜಿನ ಮೇಲೆ ಶ್ರುತಿಯನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಕೀಬೋರ್ಡಿನ ಡೇವಿಡ್ ಎಡಗೈಯನ್ನು ಸ್ಟೂಲಿನ ಹಿಂದೆ ಇಳಿಬಿಟ್ಟು ಬೆರಳು ತೋರಿಸುತ್ತಿದ್ದ. ಐದು ಬೆರಳು ಬಿಚ್ಚಿದರೆ ಐದು, ಬಿಚ್ಚಿ ಆಮೇಲೆ ತೋರುಬೆರಳು ಮಡಿಸಿದರೆ ಐದೂವರೆ. ಗಿಟಾರಿನವನು, ತಬಲದವನು, ನಾನು ಅದನ್ನು ನೋಡಿ ಸಿದ್ಧವಾಗಬೇಕು. ಮುಂದೆ ಮೈಕಿನ ಹತ್ತಿರ ನಿಂತ ಸತ್ಯವತಿಗಾರ ಬೆನ್ನು ನಮ್ಮ ಕಡೆಗಿರುತ್ತಿತ್ತು. ಅವರಿಗೆ ಅದು ಕಾಣುತ್ತಿರಲಿಲ್ಲ.

ಹಾಡಿನ ಪುಸ್ತಕ ಅವರದೇ ಕೈಬರಹ. ಪ್ರತಿ ಹಾಡಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಶ್ರುತಿ. ಅವರ ಹೆಸರಿನ ಜೊತೆ ಅಂಟಿಕೊಂಡ ಒಂದು ಹಳೆಯ ಸಿನಿಮಾ ಹಾಡಿತ್ತು, ಅದಿಲ್ಲದೆ ಯಾವ ಊರಿನಲ್ಲೂ ಜನ ಎದ್ದು ಹೋಗುತ್ತಿರಲಿಲ್ಲ. ಚರಣದಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗಿ ತುದಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಪುಸ್ತಕದಲ್ಲಿ ಅದಕ್ಕೆ ಐದೂವರೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆದರೆ ಡೇವಿಡ್ ಪ್ರತಿ ಊರಿನಲ್ಲೂ ಐದೇ ಬೆರಳು ತೋರಿಸುತ್ತಿದ್ದ. ಬೆರಳು ಮಡಿಸುತ್ತಲೇ ಇರಲಿಲ್ಲ.

ನನಗೆ ಇದು ತಲೆಯಲ್ಲಿ ಹುಳು ಬಿಟ್ಟ ಹಾಗಾಯಿತು. ಹಸಿರು ದಾರದ ಕೊಳಲೇನೋ ಕೀಬೋರ್ಡಿಗೆ ಸರಿಯಾಗಿ ಕೂಡುತ್ತಿತ್ತು. ಹಾಗಾದರೆ ಪುಸ್ತಕ ತಪ್ಪೋ? ಡೇವಿಡನ ಕೀಬೋರ್ಡಿಗೆ ಉಪ್ಪುಗಾಳಿ ಹಿಡಿದು ಗುಂಡಿ ಕೆಟ್ಟಿದೆಯೋ? ಸಮುದ್ರದ ತೇವಕ್ಕೆ ನನ್ನ ಕೊಳಲುಗಳೇ ಹೆಸರು ಬದಲಾಯಿಸಿಕೊಂಡವೋ? ಅಕ್ಕನ ಪಕ್ಕದ ಮನೆಯಲ್ಲಿ ಹಾರ್ಮೋನಿಯಂ ಇತ್ತು. ಹೋಗಿ ಹನ್ನೊಂದನ್ನೂ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿದ್ದವು. ಹಾಡಿನ ಹಳೆಯ ರೆಕಾರ್ಡು ಸಂಪಾದಿಸಿ ಹಾಕಿಸಿ ಕೇಳಿದೆ. ಐದೂವರೆ.

ಕೇಳದೆ ಇರುವುದು ನನ್ನಿಂದ ಸಾಧ್ಯವಿತ್ತೇ? ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಮಾಸ್ಟರ ಮನೆಯ ಮಹಡಿಯಲ್ಲಿ ವಿಜಯವಾಡದ ಕಾರ್ಯಕ್ರಮಕ್ಕೆ ತಾಲೀಮು ನಡೆಯಿತು. ಅದೇ ಹಾಡು ಬಂತು. ಡೇವಿಡ್ ಐದು ಬೆರಳು ಬಿಚ್ಚಿದ. ನಾನು ಕೈಯೆತ್ತಿದೆ.

“ಮಾಸ್ಟರುಗಾರೂ, ಪುಸ್ತಕದಲ್ಲಿ ಐದೂವರೆ ಅಂತಿದೆ, ಡೇವಿಡ್ ದಿನಾ ಐದೇ ತೋರಿಸ್ತಾನೆ. ಯಾವುದು ಸರಿ?”

ತಬಲದ ಮೇಲಿದ್ದ ಕೈ ಅಲ್ಲೇ ನಿಂತಿತು. ಗಿಟಾರಿನವನು ತನ್ನ ಚಪ್ಪಲಿ ನೋಡಿಕೊಂಡ. ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಪುಸ್ತಕವೇ ಸರಿ, ಡೇವಿಡ್ ಕೊಡುವುದೂ ಅದೇ, ನಿನ್ನ ಕೊಳಲು ಏರಿದೆ, ಹೊಸ ಬಿದಿರು ತೊಗೋ ಎಂದು ಗದರಿದರು. ಇಲ್ಲ, ನಾನು ಹಾರ್ಮೋನಿಯಂನಲ್ಲಿ ನೋಡಿದ್ದೇನೆ ಎಂದು ಇನ್ನೂ ವಾದಿಸಲು ಹೋದೆ. ಅಷ್ಟರಲ್ಲಿ ಡೇವಿಡ್ ನನ್ನ ಕಾಲು ತುಳಿದ. ಸತ್ಯವತಿಗಾರು ಮಾಸ್ಟರ ಕಡೆಗೂ ನೋಡಲಿಲ್ಲ, ಡೇವಿಡನ ಕಡೆಗೂ ನೋಡಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಬಣ್ಣದ ದಾರಗಳನ್ನು ನೋಡುತ್ತ ನಿಂತಿದ್ದರು.

ಮಾರನೆಯ ದಿನ ಡೇವಿಡ್ ತನ್ನ ಸ್ಕೂಟರಿನಲ್ಲಿ ನನ್ನನ್ನು ಋಷಿಕೊಂಡದ ಸಮುದ್ರತೀರಕ್ಕೆ ಕರೆದೊಯ್ದ. ಈಗ ಅಲ್ಲಿನ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಆಫೀಸುಗಳಿವೆಯೆಂದು ಅಕ್ಕ ಹೇಳುತ್ತಾಳೆ. ಆಗ ಬರೀ ಮರಳು, ದೋಣಿ, ಗಾಳಿ. ಮರಳಿನ ಮೇಲೆ ಕೂತು ಅವನು ಹೇಳಿದ. ಎರಡು ವರ್ಷದ ಕೆಳಗೆ ವಿಜಯವಾಡದ ದಸರಾ ಸ್ಟೇಜಿನಲ್ಲಿ ಸತ್ಯವತಿಗಾರು ತಮ್ಮ ಊರಿನ ಜನರ ಮುಂದೆ ಮೈಕಿನಲ್ಲೇ ಒಂದು ಮಾತು ಆಡಿದ್ದರಂತೆ: ಈ ಹಾಡನ್ನು ರೆಕಾರ್ಡಿನ ಶ್ರುತಿಗೆ ಹಾಡಲಾಗದ ದಿನ ನಾನು ಸ್ಟೇಜು ಇಳಿದುಬಿಡುತ್ತೇನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಅದೇ ಚಳಿಗಾಲದಲ್ಲಿ ಜ್ವರ, ಕೆಮ್ಮು ಹಿಡಿದು ತಿಂಗಳು ಮಲಗಿದರು. ಎದ್ದ ಮೇಲೆ ಎಲ್ಲವೂ ಬಂತು, ಮೇಲಿನ ಆ ಅರ್ಧ ಮನೆ ಮಾತ್ರ ವಾಪಸು ಬರಲಿಲ್ಲ. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ತಿಳಿದರೆ ಅವತ್ತೇ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ, ಹಾಡು ಬಿಟ್ಟರೆ ಅವರಿಗೆ ಬೇರೆ ಜೀವನವೇ ಇಲ್ಲ. ಅದಕ್ಕೇ ಮಾಸ್ಟರು ಡೇವಿಡನ ಕಿವಿಯಲ್ಲಿ ಹೇಳಿದ್ದು, ಒಂದು ಗುಂಡಿ ಇಳಿಸು, ಬಾಯಿ ಮುಚ್ಚಿಕೊಂಡಿರು ಎಂದು. ಅವತ್ತಿನಿಂದ ವ್ಯಾನಿನವರೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದರು. ಹೊಸಬ ನಾನೊಬ್ಬ ಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಸುಮ್ಮನೆ ಅನ್ನ ಬಡಿಸಿದಳು. ಅದು ಬೈಗುಳಕ್ಕಿಂತ ಹೆಚ್ಚು ತಾಕಿತು.

ವಿಜಯವಾಡದ ದಾರಿಯಲ್ಲಿ ಅನಕಾಪಲ್ಲಿಯಲ್ಲಿ ವ್ಯಾನು ನಿಂತಿತು. ಮಾರ್ಕೆಟ್ಟಿನ ಬೀದಿಯಿಡೀ ಬೆಲ್ಲದ ಘಮ, ನೆಲವೂ ಅಂಟು, ಜೇನುನೊಣಗಳ ಸದ್ದು. ಸತ್ಯವತಿಗಾರು ಪ್ರತಿ ಸಲದಂತೆ ಬೆಲ್ಲ ಕೊಳ್ಳಲು ಇಳಿದರು. ಚೀಲ ಹಿಡಿಯಲು ಬಾ ಎಂದು ನನ್ನನ್ನು ಕರೆದರು. ಒಂದೊಂದು ಅಂಗಡಿಯಲ್ಲೂ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತ, ಕೊಳಲಿಗೆ ದಾರ ಯಾಕೆ ಸುತ್ತಿದ್ದೀಯ ಎಂದು ಕೇಳಿದರು. ಅವರ ಬಾಯಿಂದ ಬಂದದ್ದು ನನ್ನದೇ ಜಾತಿಯ ಪ್ರಶ್ನೆ, ಅದಕ್ಕೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಹಸಿರು ಐದು, ಕೆಂಪು ಐದೂವರೆ ಎಂದೆ. ಅವರು ತಲೆಯಾಡಿಸಿ, ಬೆಲ್ಲ ಕಟ್ಟಿಸಿ, ವ್ಯಾನು ಹತ್ತಿದರು. ಗೋದಾವರಿಯ ಸೇತುವೆ ಬಂದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಕೈಮುಗಿದುಕೊಂಡಿದ್ದರು.

ವಿಜಯವಾಡ ಕಾದ ಹೆಂಚಿನ ಹಾಗಿತ್ತು. ಮಳೆ ಹಿಂದೆಯೇ ಉಳಿದಿತ್ತು. ಬೆಟ್ಟದ ಮೇಲೆ ದುರ್ಗಮ್ಮನಿಗೆ ದಿನಕ್ಕೊಂದು ಅಲಂಕಾರ, ಕೆಳಗೆ ಕೃಷ್ಣೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಸಾಲು ನಿಂತ ಜನ. ಮಧ್ಯಾಹ್ನ ನಮಗೆಲ್ಲ ಸತ್ಯವತಿಗಾರ ಮನೆಯಲ್ಲೇ ಊಟ. ಗೋಂಗೂರ ಸೊಪ್ಪಿನ ಪಚ್ಚಡಿ, ತೊವ್ವೆ, ಮೇಲೆ ತುಪ್ಪ. ಮೌನದ ಹೊತ್ತಾದರೂ ಅವತ್ತು ಅವರು ಮಾತಾಡಿದರು. ಮಜ್ಜಿಗೆ ಬಡಿಸುತ್ತ ಡೇವಿಡನ ಎಲೆಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಇವತ್ತು ಐದೂವರೆ, ನಾಯನಾ” ಎಂದರು. ಅದೇ ತಾನೇ ಅಮ್ಮಾ ದಿನಾ ಕೊಡೋದು ಎಂದ ಡೇವಿಡ್, ತಲೆ ಎತ್ತದೆ.

ಸ್ಟೇಜು ಕಾಲುವೆಯ ಪಕ್ಕದ ಮೈದಾನದಲ್ಲಿ. ಬೆಳಕು ಇನ್ನೂ ಇರುವಾಗಲೇ ಜನ ತುಂಬಿದ್ದರು. ಗಣಪತಿ ಸ್ತುತಿ ಆಯಿತು, ಇನ್ನೆರಡು ಹಾಡಾದವು. ಮುಂದಿನ ಸಾಲಿನವರು ಆ ಹಾಡಿನ ಹೆಸರು ಕೂಗತೊಡಗಿದರು. ಡೇವಿಡ್ ಮಾಸ್ಟರ ಮುಖ ನೋಡಿದ. ಮಾಸ್ಟರು ಕಣ್ಣು ಮುಚ್ಚಿ ತೆರೆದರು. ಡೇವಿಡನ ಎಡಗೈ ಕೆಳಗಿಳಿಯಿತು. ಐದು ಬೆರಳು ಬಿಚ್ಚಿದವು. ಮಡಿಸಲಿಲ್ಲ.

ಆಗ ಸತ್ಯವತಿಗಾರು ಮೈಕಿನಿಂದ ತಿರುಗಿದರು. ನೋಡಿದ್ದು ಡೇವಿಡನನ್ನಲ್ಲ. ನನ್ನನ್ನು, ನನ್ನ ಕೈಯನ್ನು.

ನನ್ನ ಕೈ ಹಸಿರು ದಾರದ ಮೇಲೆ ಹೋಗಿಯಾಗಿತ್ತು. ಅದನ್ನು ಎತ್ತಿದರೆ ಅವರು ಅಲ್ಲೇ, ತಮ್ಮದೇ ಊರಿನ ಜನರ ಮುಂದೆ, ಮೆಟ್ಟಿಲಿಳಿದು ಹೋಗುತ್ತಾರೆ. ಸತ್ಯ ಕೇಳಿದವನೂ ನಾನೇ, ಈಗ ಅದನ್ನು ಹೇಳಬೇಕಾದವನೂ ನಾನೇ. ಕೆಂಪು ದಾರದ ಕೊಳಲನ್ನು ಎತ್ತಿ, ಅವರಿಗೆ ಕಾಣುವ ಹಾಗೆ ತುಟಿಗಿಟ್ಟುಕೊಂಡೆ. ಅವರು ತಲೆಯಾಡಿಸಿ ಜನರ ಕಡೆ ತಿರುಗಿದರು.

ಎತ್ತಿದ ಮೇಲೆ ನುಡಿಸಬೇಕಲ್ಲ! ಕೈಯಲ್ಲಿ ಐದೂವರೆಯ ಕೊಳಲು, ಸುತ್ತ ಎಲ್ಲರೂ ಐದರಲ್ಲಿ. ಇದ್ದ ಹಾಗೆ ಊದಿದರೆ ಅಪಸ್ವರ. ಒಂದೊಂದು ಸ್ವರಕ್ಕೂ ಮುಂದಿನ ರಂಧ್ರವನ್ನು ಅರ್ಧ ಮುಚ್ಚಿ, ತುಟಿಯನ್ನು ಒಳಕ್ಕೆ ಹೊರಳಿಸಿ, ಬಿದಿರನ್ನು ಅರ್ಧ ಮನೆ ಕೆಳಗೆ ಒತ್ತಿ ಹಿಡಿಯಬೇಕು. ಗುರುಗಳು ಹೇಳಿಕೊಟ್ಟಿದ್ದರು, ಇಡೀ ಹಾಡಿಗೆ ಹಾಗೆ ಯಾವತ್ತೂ ಮಾಡಿರಲಿಲ್ಲ. ಬೆರಳಿನ ತುದಿ ಬೆವರಿ ಜಾರುತ್ತಿತ್ತು. ಮೊದಲ ಸಂಗೀತದ ತುಂಡು ಹೇಗೋ ದಾಟಿದೆ. ಎರಡನೆಯದರಲ್ಲಿ ಒಂದು ಸ್ವರ ಸೀಳಿತು. ಚರಣ ಬಂತು. ಅವರ ದನಿ ಮೆಟ್ಟಿಲೇರಿತು, ತುದಿ ಮುಟ್ಟಿತು, ನಿಂತಿತು. ಒಂದು ಉಸಿರಿನಷ್ಟಲ್ಲ, ಎರಡು ಉಸಿರಿನಷ್ಟು ಹೊತ್ತು ನಿಂತಿತು. ಮೈದಾನವೆಲ್ಲ ಚಪ್ಪಾಳೆ. ನನಗೆ ಅಳು ಬಂದಿತ್ತು. ಕೊಳಲು ಊದುವವನಿಗೆ ಅಳಲೂ ಆಗುವುದಿಲ್ಲ, ಉಸಿರು ಕೆಡುತ್ತದೆ.

ಮುಂದಿನದು ಗಂಡುದನಿಯ ಹಾಡು, ಅದರಲ್ಲಿ ಕೊಳಲಿರಲಿಲ್ಲ. ಸ್ಟೇಜಿನ ಹಿಂದೆ ನೀರು ಕುಡಿಯುತ್ತಿದ್ದೆ. ಸತ್ಯವತಿಗಾರು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಹಿತ್ತಾಳೆ ಡಬ್ಬಿ ತೆರೆದು ನನ್ನ ಮುಂದೆ ಹಿಡಿದರು.

“ಬಾಬೂ, ಕೆಂಪು ದಾರದಲ್ಲಿ ಐದು ನುಡಿಸೋದು ಬಹಳ ಕಷ್ಟ ಅಲ್ವಾ?”

ಬೆಲ್ಲ ತೆಗೆದುಕೊಳ್ಳಲು ಚಾಚಿದ ಕೈ ಹಾಗೇ ನಿಂತಿತು. ತಪ್ಪಾಯಿತಮ್ಮಾ ಎಂದೆ. ಅವರು ತಾವೇ ಒಂದು ಚೂರನ್ನು ನನ್ನ ಕೈಗಿಟ್ಟರು. ತಾವೇ ಗೆರೆ ಎಳೆದು ಬರೆದ ಶ್ರುತಿ ಇದಲ್ಲವೆಂದು ಹಾಡುವ ತಮ್ಮ ಎದೆಗೆ ಗೊತ್ತಾಗದೆ ಇರುತ್ತದೆಯೇ ಎಂದರು.

ಹಾಗಾದರೆ ಈಗ ಇಳಿದು ಹೋಗುತ್ತೀರಾ ಎಂದು ಕೇಳಿದೆ. ಅವರು ಪರದೆಯ ಸಂದಿಯಿಂದ ಸ್ಟೇಜಿನ ಕಡೆ ನೋಡಿದರು. ಮಾಸ್ಟರು ಬೆವರು ಒರೆಸಿಕೊಳ್ಳುತ್ತಿದ್ದರು, ಡೇವಿಡ್ ಬಗ್ಗಿ ನುಡಿಸುತ್ತಿದ್ದ.

“ಒಂದು ವ್ಯಾನಿನ ಜನ ಎರಡು ವರ್ಷದಿಂದ ನನಗೋಸ್ಕರ ಸುಳ್ಳು ಹೇಳ್ತಾ ಬಂದಿದ್ದಾರೆ. ನೀನೂ ಸೇರಿಕೊಂಡೆ. ಅದರ ಮುಂದೆ ನನ್ನ ಒಂದು ಮಾತು ಯಾವ ದೊಡ್ಡದು?”

ಯಾವಾಗಿನಿಂದ ಗೊತ್ತಿತ್ತು ಅಮ್ಮಾ ಎಂಬ ಪ್ರಶ್ನೆ ನನ್ನ ತುಟಿಯವರೆಗೂ ಬಂದಿತ್ತು. ನಾನು ಕೇಳಿದ ದಿನದಿಂದಲೋ? ಅದಕ್ಕೂ ಮುಂಚೆಯೇ, ಮೊದಲ ದಿನದಿಂದಲೋ? ಕೇಳಲಿಲ್ಲ. ಜೀವನದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು. ಮೆಣಸು ಬಾಯಿ ಸುಡುತ್ತಿತ್ತು, ಬೆಲ್ಲ ನಿಧಾನವಾಗಿ ಕರಗುತ್ತಿತ್ತು.

ವಾಪಸು ಬರುವಾಗ ಏಲೂರಿನಲ್ಲಿ ಆ ಸೀಸನ್ನಿನ ಕೊನೆಯ ಕಾರ್ಯಕ್ರಮ. ಅಲ್ಲೂ ಆ ಹಾಡಿಗೆ ಕೂಗು ಎದ್ದಿತು. ಡೇವಿಡ್ ಎಡಗೈ ಇಳಿಸುವುದರಲ್ಲಿದ್ದ, ಅಷ್ಟರಲ್ಲಿ ಸತ್ಯವತಿಗಾರು ಮೈಕಿನ ಮುಂದೆ ನೆಟ್ಟಗೆ ನಿಂತು, ಜನರ ಕಡೆ ಮುಖ ಮಾಡಿದ್ದ ಹಾಗೆಯೇ, ತಮ್ಮ ಎಡಗೈಯನ್ನು ಬೆನ್ನ ಹಿಂದೆ ತಂದರು. ನಮಗೆಲ್ಲ ಕಾಣುವ ಹಾಗೆ ಐದು ಬೆರಳನ್ನೂ ಬಿಚ್ಚಿದರು. ಮಡಿಸಲಿಲ್ಲ.

ನಾನು ಹಸಿರು ದಾರದ ಕೊಳಲನ್ನು ಎತ್ತಿಕೊಂಡೆ.